ಹೆಂಚು ಸುಟ್ಟ ಬೆಂಕಿಯ ಲೆಕ್ಕ

ಮುಂಗಾರಿಗೆ ಮೊದಲು ಸಕಲೇಶಪುರ, ಆಲೂರಿನ ಮಾಡುಗಳ ಮೇಲೆ ಹೆಂಚು ಕೈಯಾಡುತ್ತದೆ. ಮಂಗಳೂರಿನ ಈ ಕೆಂಪು ಹೆಂಚು ಭೂಮಿಗೆ ಎಷ್ಟು ಭಾರ? ಬೆಂಗಳೂರಿನ ವಿಜ್ಞಾನಿಗಳೂ ವಿದ್ಯಾರ್ಥಿಗಳೂ ಹುಟ್ಟುಹಾಕಿದ ಲೆಕ್ಕವನ್ನು ಮಲೆನಾಡಿನ ಸೂರಿಗೆ ಹಚ್ಚಿ ನೋಡಿದರೆ, ಹಳೆಯದೆಲ್ಲ ಹಸಿರು ಎನ್ನುವವರಿಗೂ ಪೆಟ್ಟು, ತಗಡೇ ವಾಸಿ ಎನ್ನುವವರಿಗೂ ಪೆಟ್ಟು!

ಮೇ ತಿಂಗಳ ಕೊನೆ. ಹಾನಬಾಳಿನ ಕಡೆಗೋ ಹೆತ್ತೂರಿನ ಕಡೆಗೋ ಆಲೂರಿನಿಂದ ಕೆಂಚಮ್ಮನ ಹೊಸಕೋಟೆಯ ಕಡೆಗೋ ಹೊರಟರೆ ಮನೆಗಳ ನೆತ್ತಿಯ ಮೇಲೆ ಜನ ಕಾಣುತ್ತಾರೆ. ಒಬ್ಬ ರೀಪಿನ ಮೇಲೆ ಕಾಲೂರಿ ಹೆಂಚು ಬಿಡಿಸುತ್ತಾನೆ. ಏಣಿಯ ಮೇಲಿದ್ದವನು ಕೈಗೆ ಕೈ ದಾಟಿಸುತ್ತಾನೆ. ಕೆಳಗೆ ಅಂಗಳದಲ್ಲಿ ತೆಂಗಿನ ನಾರು ಹಿಡಿದು ಪಾಚಿ ಉಜ್ಜುವ ಕೆಲಸ.

ಬೆರಳ ಗೆಣ್ಣಿನಿಂದ ತಟ್ಟಿದಾಗ 'ಟಣ್' ಎಂದರೆ ಹೆಂಚು ಮತ್ತೆ ಮೇಲಕ್ಕೆ. 'ಟಪ್' ಎಂದರೆ ಒಳಗೆ ಬಿರುಕು, ಅದು ಕೊಟ್ಟಿಗೆಗೋ ಸೌದೆ ಮನೆಗೋ ಹೋಗುತ್ತದೆ. ಮಂಗ ಕುಣಿದು ಪೂರ್ತಿ ಒಡೆದದ್ದು ಗದ್ದೆ ದಾರಿಯ ಗುಂಡಿಗೆ.

ಇದಕ್ಕೆ ಮಲೆನಾಡಿನಲ್ಲಿ ಹೆಂಚು ಕೈಯಾಡಿಸೋದು ಎನ್ನುತ್ತಾರೆ. ಜಡಿಮಳೆ ಹಿಡಿಯುವುದರೊಳಗೆ ಮುಗಿಯಲೇಬೇಕಾದ ಕೆಲಸ. ಮಳೆ ಶುರುವಾದ ಮೇಲೆ ಸೋರುವ ಮನೆಗೆ ಮದ್ದು ಬೋಗುಣಿ ಒಂದೇ.

ಈಗ ಈ ನೋಟ ಅಪರೂಪವಾಗುತ್ತಿದೆ. ಕೈಯಾಡಿಸಲು ಆಳು ಸಿಗುವುದಿಲ್ಲ, ಸಿಕ್ಕರೂ ಕೂಲಿ ಕೈಗೆಟುಕುವುದಿಲ್ಲ. ಕೆಲವರು ಹೆಂಚಿನ ಮೇಲೆಯೇ ಬಣ್ಣದ ಶೀಟು ಹೊದಿಸಿ ಕೈತೊಳೆದುಕೊಂಡಿದ್ದಾರೆ. ಕೆಲವರು ಹೆಂಚಿಳಿಸಿ ತಾರಸಿ ಹಾಕಿಸಿದ್ದಾರೆ. ಹೋಂಸ್ಟೇ ಕಟ್ಟಿಸುವವರು ಮಾತ್ರ ಅದೇ ಹಳೇ ಹೆಂಚನ್ನು ಹುಡುಕಿಕೊಂಡು ಬರುತ್ತಾರೆ, 'ಪರಿಸರಸ್ನೇಹಿ' ಎಂಬ ಬೋರ್ಡಿನೊಂದಿಗೆ.

ಸರಿ, ಹೆಂಚು ಪರಿಸರಸ್ನೇಹಿಯೇ? ಅಜ್ಜನ ಕಾಲದ್ದು ಎಂಬ ಅಭಿಮಾನ ಇದಕ್ಕೆ ಉತ್ತರ ಹೇಳುವುದಿಲ್ಲ. ಲೆಕ್ಕ ಹಾಕಿಯೇ ನೋಡಬೇಕು.

ಜೆಪ್ಪುವಿನಿಂದ ಘಾಟಿ ಹತ್ತಿದ್ದು

ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಮತಾಂತರವಾಗಿ ಜಾತಿಯ ಜೊತೆ ಕಸುಬನ್ನೂ ಕಳೆದುಕೊಂಡವರಿಗೆ ಅನ್ನದ ದಾರಿ ತೋರಿಸಬೇಕಿತ್ತು. ಮುದ್ರಣಾಲಯ ಬಂತು, ನೇಯ್ಗೆ ಬಂತು. ಕಿಟೆಲ್ ನಿಘಂಟನ್ನು ಅಚ್ಚು ಹಾಕಿದ ಇದೇ ಮಿಷನ್ 1865ರಲ್ಲಿ ನೇತ್ರಾವತಿ ದಂಡೆಯ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಅದರ ಹಿಂದಿದ್ದವರು ಜಾರ್ಜ್ ಪ್ಲೆಬ್ಸ್ಟ್.

ಹೊಳೆದಂಡೆಯ ಜೇಡಿ, ಪಶ್ಚಿಮಘಟ್ಟದ ಸೌದೆ, ಸಾಗಿಸಲು ನದಿ ಮತ್ತು ಬಂದರು. ಮೂರೂ ಒಂದೇ ಕಡೆ ಸಿಕ್ಕ ಊರು ಅದು. ಬೇರೆಯವರೂ ಕಾರ್ಖಾನೆ ಹೂಡಿದರು. ಹೆಂಚು ಪೂರ್ವ ಆಫ್ರಿಕದವರೆಗೆ ಹಡಗೇರಿತು. ಮೊದಲ ಮಹಾಯುದ್ಧದಲ್ಲಿ ಶತ್ರುಗಳ ಆಸ್ತಿ ಎಂದು ಬ್ರಿಟಿಷರು ಮಿಷನ್ ಕಾರ್ಖಾನೆಗಳನ್ನು ವಶಪಡಿಸಿಕೊಂಡು ಕಾಮನ್‌ವೆಲ್ತ್ ಟ್ರಸ್ಟ್‌ಗೆ ವಹಿಸಿದರು.

ಸಕಲೇಶಪುರದ ಸುತ್ತಿನ ಮಂಜರಾಬಾದ್ ಸೀಮೆಯ ಕಾಫಿ ಸಂಸ್ಕರಣೆಗೆಂದು ಮಂಗಳೂರಿಗೆ ಇಳಿಯುತ್ತಿತ್ತು. ಅದೇ ದಾರಿಯಲ್ಲಿ ಹೆಂಚು ಮೇಲಕ್ಕೆ ಬಂತು. ಹಾಸನ–ಮಂಗಳೂರು ರೈಲು ಓಡಿದ್ದು 1979ರಲ್ಲಿ. ಅಲ್ಲಿಯವರೆಗೂ ಘಾಟಿ ರಸ್ತೆಯೇ ಗತಿ. ಹುಲ್ಲು ಮಾಡು ವರ್ಷವರ್ಷವೂ ಹೊದಿಕೆ ಬೇಡುತ್ತಿತ್ತು, ಒಂದು ಕಿಡಿಗೆ ಊರೇ ಬೂದಿಯಾಗುವ ಭಯ ಬೇರೆ. ನಾಡಹೆಂಚು ಗಾಳಿಗೆ ಜಾರುತ್ತಿತ್ತು. ಒಂದಕ್ಕೊಂದು ಕಚ್ಚಿಕೊಂಡು ಕೂರುವ ಮಂಗಳೂರು ಹೆಂಚು ಎರಡೂ ಭಯ ಕಳೆಯಿತು. ಮೊದಲು ತೋಟದ ಬಂಗಲೆ, ಆಮೇಲೆ ಶಾಲೆ, ಆಸ್ಪತ್ರೆ, ಗೌಡರ ತೊಟ್ಟಿಮನೆ, ಕಡೆಗೆ ಕೂಲಿ ಲೈನು.

> ಬಾಕ್ಸ್: ಹೆಂಚಿನ ಬೆನ್ನ ಮೇಲೆ
>
> ● ಒಂದಕ್ಕೊಂದು ಕಚ್ಚಿಕೊಳ್ಳುವ ಹೆಂಚಿಗೆ ಮೊದಲು ಪೇಟೆಂಟ್ ಪಡೆದವರು ಅಲ್ಸಾಸ್‌ನ ಜಿಲಾರ್ಡೋನಿ ಸಹೋದರರು, 1841ರಲ್ಲಿ. ಮಂಗಳೂರು ಹೆಂಚು ಆ ವಂಶದ್ದು.
>
> ● ನಿಮ್ಮ ಮನೆಯ ಹೆಂಚಿನ ಬೆನ್ನಲ್ಲಿ 1865 ಎಂದು ಇದ್ದರೆ ಹಿಗ್ಗಬೇಡಿ. ಅದು ಕಾರ್ಖಾನೆ ಹುಟ್ಟಿದ ವರ್ಷ, ಹೆಂಚು ಹುಟ್ಟಿದ ವರ್ಷವಲ್ಲ.
>
> ● ಒಂದು ಚದರಕ್ಕೆ, ಅಂದರೆ ನೂರು ಚದರ ಅಡಿಗೆ, ಸುಮಾರು ನೂರೈವತ್ತು ಹೆಂಚು ಬೇಕು.

ಒಲೆಯಿಂದ ಗೋಡೆಗೆ

ಅಸ್ತ್ರ ಒಲೆ ನೆನಪಿದೆಯೇ? ಹೊಗೆಯಿಲ್ಲದೆ, ಕಡಿಮೆ ಸೌದೆಯಲ್ಲಿ ಅನ್ನ ಬೇಯಿಸುವ ಆ ಮಣ್ಣಿನ ಒಲೆ ಒಂದು ಕಾಲದಲ್ಲಿ ಕರ್ನಾಟಕದ ಹಳ್ಳಿಹಳ್ಳಿಗೂ ಹೋಗಿತ್ತು. ಅದರ ತವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ವಿಜ್ಞಾನ ಹಳ್ಳಿಗೆ ದಕ್ಕಬೇಕೆಂದು ಅಮೂಲ್ಯ ಕೆ.ಎನ್. ರೆಡ್ಡಿ 1974ರಲ್ಲಿ ಅಲ್ಲಿ ಕಟ್ಟಿದ 'ಅಸ್ತ್ರ' ಎಂಬ ತಂಡದ ಹೆಸರೇ ಒಲೆಗೂ ಬಂತು. ಕುಣಿಗಲ್ ಬಳಿಯ ಉಂಗ್ರ ಅವರ ಪ್ರಯೋಗದ ಊರು.

ಒಂದು ಒಲೆ ದಿನಕ್ಕೆ ಎಷ್ಟು ಸೌದೆ ನುಂಗುತ್ತದೆ ಎಂದು ಅಳೆದವರು ಮುಂದೆ ಒಂದು ಗೋಡೆ ಕಟ್ಟುವಷ್ಟರಲ್ಲಿ ಎಷ್ಟು ಬೆಂಕಿ ಉರಿದಿದೆ ಎಂದೂ ಅಳೆಯಲು ಕೂತರು. ಇಟ್ಟಿಗೆಯ ಭಟ್ಟಿ, ಸಿಮೆಂಟಿನ ಗೂಡು, ಕಬ್ಬಿಣದ ಕುಲುಮೆ, ಸಾಗಿಸಿದ ಲಾರಿಯ ಡೀಸೆಲ್, ಎಲ್ಲವನ್ನೂ ಒಂದೇ ಅಳತೆಗೆ ಇಳಿಸಿದರು. ಆ ಅಳತೆಯ ಹೆಸರು ಮೆಗಾಜೂಲ್.

ಬಿ.ವಿ. ವೆಂಕಟರಾಮ ರೆಡ್ಡಿ ಮತ್ತು ಕೆ.ಎಸ್. ಜಗದೀಶ್ 2003ರಲ್ಲಿ ಪ್ರಕಟಿಸಿದ ಪ್ರಬಂಧ ಈ ವಿಷಯದಲ್ಲಿ ದೇಶಕ್ಕೇ ಆಕರವಾಯಿತು. ಒಂದು ಸುಟ್ಟ ಇಟ್ಟಿಗೆಯೊಳಗೆ 4.25 ಮೆಗಾಜೂಲ್ ಅಡಗಿದೆ, ಒಂದು ಕಿಲೋ ಸಿಮೆಂಟಿನಲ್ಲಿ 5.85, ಒಂದು ಕಿಲೋ ಉಕ್ಕಿನಲ್ಲಿ 42. ಅಲ್ಯೂಮಿನಿಯಂ ಮಾತ್ರ ಕಿಲೋಗೆ 236ರ ಮೇಲೆ!

ಮುಂದಿನ ತಲೆಮಾರಿನ ಸಂಶೋಧಕರು ಇದನ್ನು ಇನ್ನಷ್ಟು ಕೆದಕಿದರು. ಅದೇ ಸಂಸ್ಥೆಯ ಕೆ.ಐ. ಪ್ರಸೀದಾ ತಮ್ಮ ಗುರುಗಳಾದ ವೆಂಕಟರಾಮ ರೆಡ್ಡಿ ಮತ್ತು ಮೋಂಟೊ ಮಾಣಿ ಅವರೊಂದಿಗೆ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಭಾರತದ ಕಟ್ಟಡ ಸಾಮಗ್ರಿಗಳನ್ನು ಎರಡು ದಾರಿಯಿಂದ ಅಳೆದು ಹೋಲಿಸಿದರು. ಒಂದು, ತಯಾರಿಕೆಯ ಒಂದೊಂದೇ ಹಂತದ ಲೆಕ್ಕ. ಇನ್ನೊಂದು, ದೇಶದ ಉದ್ದಿಮೆಗಳ ನಡುವಿನ ಹಣದ ಕೊಡುಕೊಳ್ಳುವಿಕೆಯಿಂದ ಎಳೆದು ತೆಗೆದ ಲೆಕ್ಕ. ಎರಡು ದಾರಿ ಹಿಡಿದರೆ ಎರಡು ಉತ್ತರ. ಭೂಮಿಯ ಮೇಲಿನ ಭಾರಕ್ಕೆ ಒಂದೇ ಸಂಖ್ಯೆ ಇರುತ್ತದೆ ಎಂದುಕೊಂಡು ಪದವಿಗೆ ಬಂದ ವಿದ್ಯಾರ್ಥಿಗೆ ಇದು ಮೊದಲ ಪಾಠ.

227, 730

ಈಗ ಮಾಡಿಗೆ ಬರೋಣ. 2003ರ ಪ್ರಬಂಧದ ಪಟ್ಟಿಯಲ್ಲಿ ಒಂದು ಚದರ ಮೀಟರ್ ಮಂಗಳೂರು ಹೆಂಚಿನ ಮಾಡಿಗೆ 227 ಮೆಗಾಜೂಲ್. ಅಷ್ಟೇ ಅಗಲದ ಆರ್‌ಸಿಸಿ ತಾರಸಿಗೆ 730.

ಸಂಖ್ಯೆ ಬಾಯಿಗೆ ರುಚಿಸದಿದ್ದರೆ ಸೌದೆಗೆ ಇಳಿಸಿ. ಒಣ ಸೌದೆ ಕಿಲೋಗೆ ಸುಮಾರು 15 ಮೆಗಾಜೂಲ್ ಶಾಖ ಕೊಡುತ್ತದೆ. ಒಂದು ಚದರ ಮೀಟರ್ ಹೆಂಚಿನ ಮಾಡು ಎಂದರೆ ಹದಿನೈದು ಕಿಲೋ ಸೌದೆ, ತಾರಸಿ ಎಂದರೆ ನಲವತ್ತೊಂಬತ್ತು ಕಿಲೋ. ಇನ್ನೂರು ಚದರ ಮೀಟರ್ ಮಾಡಿನ ದೊಡ್ಡ ಮನೆಗೆ ಹೆಂಚಾದರೆ ಮೂರು ಟನ್.

ಹೆಂಚು ಗೆದ್ದಿತು ಎಂದು ಸೀಟಿ ಹೊಡೆಯುವ ಮೊದಲು ವಿದ್ಯಾರ್ಥಿಯೊಬ್ಬ ಕೈ ಎತ್ತಬೇಕು. ತಾರಸಿ ಚಪ್ಪಟೆ, ಹೆಂಚಿನ ಮಾಡು ಇಳಿಜಾರು. ಮಲೆನಾಡಿನ ಮಳೆಗೆ ಮಾಡನ್ನು ಕಡಿದಾಗಿಯೇ ಇಳಿಸಬೇಕು. 35 ಡಿಗ್ರಿ ಇಳಿಜಾರಾದರೆ ಒಂದು ಚದರ ಮೀಟರ್ ನೆಲ ಮುಚ್ಚಲು ಒಂದೂಕಾಲು ಚದರ ಮೀಟರಿನಷ್ಟು ಮಾಡು ಬೇಕು. 227 ಹೋಗಿ 280ರ ಹತ್ತಿರ ಬಂತು. ಇನ್ನೊಬ್ಬಳು ಎದ್ದು, ತಾರಸಿಯ ಮೇಲೆ ಇನ್ನೊಂದು ಅಂತಸ್ತು ಏರಿಸಬಹುದು, ಕಾಳುಮೆಣಸು ಒಣಗಿಸಬಹುದು, ಹೆಂಚಿನ ಮೇಲೆ ಅದಾಗುತ್ತದೆಯೇ ಎಂದು ಕೇಳಬೇಕು. ಕೇಳಿದರೆ ಅಧ್ಯಯನ ಸರಿಯಾದ ಹಳಿಗೆ ಬಂತೆಂದೇ ಅರ್ಥ. ಯಾವ ಕೆಲಸಕ್ಕೆ ಯಾವುದನ್ನು ಹೋಲಿಸುತ್ತಿದ್ದೇವೆ ಎಂದು ಮೊದಲೇ ಗೆರೆ ಎಳೆಯದಿದ್ದರೆ ಮುಂದಿನ ಅಳತೆಯೆಲ್ಲ ವ್ಯರ್ಥ.

ಮಲೆನಾಡಿಗೆ ಈ ಲೆಕ್ಕ ಬೇರೆಡೆಗಿಂತ ಹೆಚ್ಚು ಹೊಂದುವುದಕ್ಕೆ ಒಂದು ಕಾರಣವಿದೆ. ನಗರದ ಗಾಜಿನ ಕಟ್ಟಡ ಕಟ್ಟಿದ ಮೇಲೂ ಏಸಿಗೆಂದು ವರ್ಷಗಟ್ಟಲೆ ಕರೆಂಟು ಕುಡಿಯುತ್ತದೆ. ಸಕಲೇಶಪುರದ ಮನೆಗೆ ಏಸಿ ಬೇಡ, ಹೀಟರೂ ಬೇಡ, ಬಚ್ಚಲೊಲೆಯ ಮುಂದೆ ಕೂತರೆ ಸಾಕು. ಹಾಗಾಗಿ ಕಟ್ಟುವಾಗ ಉರಿದ ಬೆಂಕಿಯೇ ಇಲ್ಲಿ ಲೆಕ್ಕದ ದೊಡ್ಡ ಪಾಲು.

> ಬಾಕ್ಸ್: ಹುಟ್ಟಿನಿಂದ ಗುಜರಿಯವರೆಗೆ
>
> ● ಒಂದು ವಸ್ತುವಿನ ಇಡೀ ಆಯುಷ್ಯದ ಪರಿಸರ ಲೆಕ್ಕ ಹಾಕುವ ಪದ್ಧತಿಯ ಮೊದಲ ಹೆಜ್ಜೆಗಳಲ್ಲಿ ಒಂದು, 1969ರಲ್ಲಿ ಕೋಕಾಕೋಲಾ ಕಂಪನಿ ಅಮೆರಿಕದಲ್ಲಿ ಮಾಡಿಸಿದ ಬಾಟಲಿ–ಡಬ್ಬಿ ಹೋಲಿಕೆ. ಅಂತರರಾಷ್ಟ್ರೀಯ ಮಾನಕ ಐಎಸ್‌ಒ 14040 ಬಂದದ್ದು 1997ರಲ್ಲಿ.
>
> ● ಕಾಂಕ್ರೀಟ್ ಚೌಕಟ್ಟಿನ ಬಹುಮಹಡಿ ಕಟ್ಟಡಕ್ಕೆ ಚದರ ಮೀಟರಿಗೆ 4.21 ಗಿಗಾಜೂಲ್ (ಸಾವಿರ ಮೆಗಾಜೂಲಿಗೆ ಒಂದು ಗಿಗಾಜೂಲ್), ಎರಡಂತಸ್ತಿನ ಇಟ್ಟಿಗೆ ಮನೆಗೆ 2.92, ಒತ್ತಿದ ಮಣ್ಣಿನ ಇಟ್ಟಿಗೆಯ ಮನೆಗೆ 1.61. ಇದೂ ರೆಡ್ಡಿ–ಜಗದೀಶ್ ಲೆಕ್ಕವೇ.
>
> ● ಎಂಜಿನಿಯರಿಂಗ್ ವಿದ್ಯಾರ್ಥಿಗಳ ಕೊನೆಯ ವರ್ಷದ ಪ್ರಾಜೆಕ್ಟುಗಳಿಗೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1977ರಿಂದಲೂ ನೆರವು ನೀಡುತ್ತಿದೆ. ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಅದಕ್ಕೂ ಹಿರಿಯದು, 1960ರದ್ದು.

ಲಾರಿಯ ಮೇಲೆ ಸುಳ್ಳು ಆರೋಪ

ಪರಿಸರದ ಮಾತು ಬಂದಾಗ ಎಲ್ಲರೂ ಮೊದಲು ಬೆರಳು ತೋರಿಸುವುದು ಶಿರಾಡಿ ಘಾಟಿಯಲ್ಲಿ ಕಪ್ಪು ಹೊಗೆ ಉಗುಳುತ್ತ ಹತ್ತುವ ಲಾರಿಯತ್ತ. ಅಷ್ಟು ದೂರದ ಹೆಂಚು ಯಾಕೆ, ಹತ್ತಿರದ್ದೇ ಬಳಸಿ ಎಂಬ ಉಪದೇಶ ಅದರ ಹಿಂದೆಯೇ ಬರುತ್ತದೆ.

ಲೆಕ್ಕ ಹಾಕಿ. ಒಂದು ಚದರ ಮೀಟರಿಗೆ ಸುಮಾರು ಹದಿನಾರು ಹೆಂಚು, ಒಂದೊಂದು ಎರಡೂವರೆ ಕಿಲೋ ಎಂದು ಹಿಡಿದರೆ ನಲವತ್ತು ಕಿಲೋ. ಮಂಗಳೂರಿನಿಂದ ಸಕಲೇಶಪುರಕ್ಕೆ 130 ಕಿಲೋಮೀಟರ್ ಎಂದಿಟ್ಟುಕೊಳ್ಳಿ. ಸಿಮೆಂಟು, ಉಕ್ಕು ಸಾಗಿಸಲು 2003ರ ಅದೇ ಪ್ರಬಂಧ ಹಿಡಿದಿರುವುದು ಟನ್ನಿಗೆ, ಕಿಲೋಮೀಟರಿಗೆ ಒಂದು ಮೆಗಾಜೂಲ್. ಒಟ್ಟು ಐದು ಮೆಗಾಜೂಲ್ ಚಿಲ್ಲರೆ! ಘಾಟಿ ಎಂದು ದುಪ್ಪಟ್ಟು ಕೊಟ್ಟರೂ ಹತ್ತೇ. ಕಾಫಿ ಇಳಿಸಿ ಖಾಲಿ ಬರುವ ಲಾರಿಯಾದರೆ ಅದೂ ಇಲ್ಲ ಎಂದು ವಾದಿಸಬಹುದು.

ಉಳಿದದ್ದೆಲ್ಲ ಭಟ್ಟಿಯದು. ಅರೆದು, ಒತ್ತಿ, ನೆರಳಲ್ಲಿ ಒಣಗಿಸಿದ ಜೇಡಿಯನ್ನು ಕೆಂಡದ ಬಣ್ಣಕ್ಕೆ ಬರುವಂತೆ ಕಾಯಿಸಿ, ತಣಿಸಿ ಹೊರತೆಗೆಯುವ ಆ ಕೋಣೆಯಲ್ಲೇ ಹೆಂಚಿನ ಪಾಪಪುಣ್ಯ ತೀರ್ಮಾನವಾಗುತ್ತದೆ. ಒಂದು ಗೂಡಿನ ಬಿಸಿಗಾಳಿಯನ್ನು ಪಕ್ಕದ ಗೂಡಿನ ಹಸಿ ಹೆಂಚಿಗೆ ಹಾಯಿಸುವ ಹಾಫ್‌ಮನ್ ಭಟ್ಟಿಗೆ 1858ರಲ್ಲೇ ಪೇಟೆಂಟ್ ಸಿಕ್ಕಿತ್ತು. ಬೆಂಕಿ ಆರದಂತೆ ಗೂಡಿನಿಂದ ಗೂಡಿಗೆ ಸುತ್ತುವ ಆ ಉಪಾಯ ಉಳಿಸುವ ಸೌದೆಯ ಮುಂದೆ ಲಾರಿಯ ಡೀಸೆಲ್ ಯಾವ ಲೆಕ್ಕ!

ಶೀಟಿನ ಮಾತು ಇನ್ನೂ ಮಜವಾಗಿದೆ. ಅರ್ಧ ಮಿಲಿಮೀಟರ್ ದಪ್ಪದ ತಗಡು ಚದರ ಮೀಟರಿಗೆ ನಾಲ್ಕು ಕಿಲೋ ತೂಗುವುದಿಲ್ಲ. ಕಿಲೋಗೆ 42ರಂತೆ 165 ಮೆಗಾಜೂಲ್. ಹೆಂಚಿಗಿಂತ ಕಡಿಮೆ! ಮಲೆನಾಡಿನ ಸೊಬಗು ಹಾಳಾಯಿತು ಎಂದು ಶೀಟಿಗೆ ಶಾಪ ಹಾಕುವ ನನ್ನಂಥವರಿಗೆ ಇದು ಅಷ್ಟು ಹಿತವಾದ ಸಂಖ್ಯೆಯಲ್ಲ. ಶೀಟಿನ ಅಡಿಗೆ ಕಬ್ಬಿಣದ ಪೈಪು ಬರುತ್ತದೆ ನಿಜ, ಚದರ ಮೀಟರಿಗೆ ನಾಲ್ಕು ಕಿಲೋ ಹಿಡಿದರೆ ಇನ್ನೊಂದು 168 ಸೇರುತ್ತದೆ, ಆಗ ಶೀಟು ಹೆಂಚನ್ನು ದಾಟುತ್ತದೆ. ಆದರೆ ಹೆಂಚಿನ ಅಡಿಗೂ ಈಗ ಪೈಪೇ ಬರುತ್ತಿದೆಯಲ್ಲ? ಮತ್ತಿ, ಹೊನ್ನೆ, ಹೆಬ್ಬಲಸಿನ ಪಕ್ಕಾಸು ಈಗೆಲ್ಲಿದೆ? ಸ್ವಂತ ತೋಟದ ಮರ ಕಡಿಯಲೂ 1976ರ ಮರ ಸಂರಕ್ಷಣಾ ಕಾಯ್ದೆಯಡಿ ಅರಣ್ಯ ಇಲಾಖೆಯ ಒಪ್ಪಿಗೆಗೆ ಅಲೆಯಬೇಕು. ಅನುಮತಿ ಸಿಕ್ಕುವಷ್ಟರಲ್ಲಿ ಇನ್ನೊಂದು ಮಳೆಗಾಲ ಬಂದಿರುತ್ತದೆ.

ಮೆಗಾಜೂಲ್ ಕೇಳದ ಪ್ರಶ್ನೆಗಳು

ಮೆಗಾಜೂಲ್ ಒಂದು ನಿರ್ಲಿಪ್ತ ಅಳತೆ. ಸೌದೆ ಗೇರು ತೋಟದ್ದೋ ಘಟ್ಟದ ಕಾಡಿನದ್ದೋ ಎಂದು ಅದು ವಿಚಾರಿಸುವುದಿಲ್ಲ. ಕಡಿದ ಜಾಗದಲ್ಲಿ ಮತ್ತೆ ಮರ ಬೆಳೆದರೆ ಸುಟ್ಟ ಇಂಗಾಲ ಹಿಂದಿರುಗೀತು, ಬೆಳೆಯದಿದ್ದರೆ ಇಲ್ಲ. ಎರಡೂ ಭಟ್ಟಿಗಳಲ್ಲಿ ಶಾಖ ಒಂದೇ.

ಸಿಮೆಂಟಿನ ವಿಷಯದಲ್ಲಿ ಅದು ಇನ್ನೂ ದೊಡ್ಡದನ್ನು ಬಿಟ್ಟುಬಿಡುತ್ತದೆ. ಸುಣ್ಣದ ಕಲ್ಲನ್ನು ಕಾಯಿಸಿದಾಗ ಕಲ್ಲಿನೊಳಗಿನಿಂದಲೇ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಯಾವ ಸೌದೆ, ಯಾವ ಕಲ್ಲಿದ್ದಲು ಹಾಕಿದರೂ ಅದು ತಪ್ಪಿದ್ದಲ್ಲ. ಶಕ್ತಿಯ ಲೆಕ್ಕದಲ್ಲಿ ಈ ಅನಿಲ ಕಾಣಿಸುವುದೇ ಇಲ್ಲ. ತಾರಸಿಯ ನಿಜವಾದ ಭಾರ 730 ಹೇಳುವುದಕ್ಕಿಂತ ಹೆಚ್ಚು.

ಹೆಂಚಿನ ನಿಜವಾದ ಹಳವಂಡ ಇರುವುದು ಜೇಡಿಯಲ್ಲಿ. ನೇತ್ರಾವತಿ, ಫಲ್ಗುಣಿ ದಂಡೆಯ ಗದ್ದೆಗಳನ್ನು ಅಗೆದು ಜೇಡಿ ತೆಗೆಯುತ್ತಾರೆ. ಅಗೆದ ಗದ್ದೆ ಹೊಂಡವಾಗಿ ನೀರು ನಿಲ್ಲುತ್ತದೆ, ಭತ್ತ ಹೋಗುತ್ತದೆ. ಸಣ್ಣ ಖನಿಜಗಳ ಗಣಿಗಾರಿಕೆಗೆ, ಜಾಗ ಎಷ್ಟೇ ಚಿಕ್ಕದಿರಲಿ, ಪರಿಸರ ಅನುಮತಿ ಕಡ್ಡಾಯ ಎಂದು ಸುಪ್ರೀಂ ಕೋರ್ಟು 2012ರ ಫೆಬ್ರವರಿಯಲ್ಲಿ ಹೇಳಿತು. ಮರಳಿನ ಜೊತೆ ಜೇಡಿಯೂ ಆ ಗೆರೆಯೊಳಗೆ ಬಂತು. ಬೇಡಿಕೆ ಇಳಿದು ಮೊದಲೇ ಏದುಸಿರು ಬಿಡುತ್ತಿದ್ದ ಕಾರ್ಖಾನೆಗಳಿಗೆ ಅದು ಇನ್ನೊಂದು ಹೊರೆ.

ಇದನ್ನು ಹೆಂಚಿನ ಅಭಿಮಾನಿಗಳು ಹೇಳಿಕೊಳ್ಳುವುದಿಲ್ಲ. ಸಕಲೇಶಪುರದ ಮಾಡು ಚಂದ ಕಾಣಲು ಬಂಟ್ವಾಳದ ಕಡೆಯ ಯಾವುದೋ ಗದ್ದೆ ಹೊಂಡವಾಗಿದೆ. ಘಟ್ಟದ ಮೇಲಿನವರ ಕಣ್ಣಿಗೆ ಬೀಳದಷ್ಟು ದೂರದಲ್ಲಿದೆ ಎಂಬುದೇ ಅದರ ಅನುಕೂಲ.

ಬಿಚ್ಚಿ ಕಟ್ಟುವ ಗುಣ

ಹಾಗಾದರೆ ಹೆಂಚಿನ ಪರವಾಗಿ ಗಟ್ಟಿಯಾಗಿ ಏನು ಹೇಳಬಹುದು? ನನಗೆ ಕಾಣುವುದು ಒಂದೇ ಒಂದು ಗುಣ, ಮತ್ತು ಅದು ಭಟ್ಟಿಯದಲ್ಲ, ಮಾಡಿನದು. ಹೆಂಚನ್ನು ಯಾವ ಗಾರೆಯೂ ಹಿಡಿದಿಲ್ಲ, ಮೊಳೆಯೂ ಇಲ್ಲ. ರೀಪಿಗೆ ಕೊಕ್ಕೆ ಸಿಕ್ಕಿಸಿ ತನ್ನ ಭಾರದಿಂದಲೇ ಕೂತಿದೆ. ಹೇಗೆ ಕೂತಿತೋ ಹಾಗೇ ಎದ್ದೂ ಬರುತ್ತದೆ.

ಮನೆ ಬಿದ್ದರೂ ಹೆಂಚು ಉಳಿಯುತ್ತದೆ. ದೊಡ್ಡ ಮನೆಯದು ದನದ ಕೊಟ್ಟಿಗೆಗೆ, ಕೊಟ್ಟಿಗೆಯದು ಪಂಪ್‌ಹೌಸಿಗೆ, ಅಲ್ಲಿಂದ ಇನ್ನೆಲ್ಲಿಗೋ. ತಾರಸಿ ಒಡೆದರೆ ಉಳಿಯುವುದು ಜಲ್ಲಿ ಪುಡಿ ಮತ್ತು ಗುಜರಿಯವನು ಒಯ್ಯುವ ಕಂಬಿ. ಆ ಕಂಬಿ ಮತ್ತೆ ಕುಲುಮೆಗೆ ಹೋಗಿ ಕರಗಬೇಕು. ಹೆಂಚು ಮತ್ತೆ ಸುಡುವುದನ್ನೇ ಕೇಳುವುದಿಲ್ಲ.

ಆಯುಷ್ಯದ ಲೆಕ್ಕದಲ್ಲಿ ಇದು ಎಲ್ಲವನ್ನೂ ತಲೆಕೆಳಗು ಮಾಡುತ್ತದೆ. 280 ಮೆಗಾಜೂಲನ್ನು ಇಪ್ಪತ್ತೈದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಹನ್ನೊಂದು. ಎಪ್ಪತ್ತೈದು ವರ್ಷಕ್ಕೆ ಹಂಚಿದರೆ ನಾಲ್ಕೂ ಇಲ್ಲ. ಆದ್ದರಿಂದ ಹಾಸನದ ಯಾವ ಕಾಲೇಜಿನ ತಂಡವಾದರೂ ಈ ಬೇಸಿಗೆಯಲ್ಲಿ ಅಳೆಯಲು ಹೊರಟರೆ ಭಟ್ಟಿಯ ಉಷ್ಣತೆಗಿಂತ ಮುಖ್ಯವಾದ ಸಂಖ್ಯೆ ಇನ್ನೊಂದಿದೆ: ಒಂದು ಸಲ ಕೈಯಾಡಿಸಿದಾಗ ನೂರಕ್ಕೆ ಎಷ್ಟು ಹೆಂಚು ಒಡೆಯುತ್ತದೆ? ಅದನ್ನು ಪುಸ್ತಕದಲ್ಲಿ ಹುಡುಕಬೇಕಿಲ್ಲ. ಮಾಡು ಹತ್ತಿ ಇಳಿಯುವ ಕೈಗಳನ್ನು ಕೇಳಬೇಕು, ಅಂಗಳದ ಗುಡ್ಡೆ ಎಣಿಸಬೇಕು.

ಪದವಿ ತರಗತಿಗಳ ಪರಿಸರ ಅಧ್ಯಯನಕ್ಕೆಂದು ಯುಜಿಸಿ ರೂಪಿಸಿದ ಪಠ್ಯದಲ್ಲಿ ಕ್ಷೇತ್ರಕಾರ್ಯವೂ ಒಂದು ಭಾಗ. ಹೆಚ್ಚಿನ ಕಡೆ ಅದು ಕೆರೆಯೊಂದರ ಮುಂದೆ ನಿಂತು ತೆಗೆಸಿಕೊಂಡ ಗ್ರೂಪ್ ಫೋಟೊದಲ್ಲಿ ಮುಗಿಯುತ್ತದೆ. ಹೆಂಚಿನ ಗುಡ್ಡೆ ಎಣಿಸುವುದು ಅದಕ್ಕಿಂತ ಬೆವರಿಳಿಸುವ ಕೆಲಸ.

ಹೋಂಸ್ಟೇ ಲೆಕ್ಕ

ಕೊನೆಗೆ ಆ 'ಪರಿಸರಸ್ನೇಹಿ' ಬೋರ್ಡು. ಬೆಂಗಳೂರಿನಿಂದ ವಾರಾಂತ್ಯಕ್ಕೆ ಬರುವ ಅತಿಥಿಗೆ ಕೆಂಪು ಇಳಿಜಾರು ಮಾಡು ಬೇಕು. ಮಾಲೀಕನಿಗೆ ಸೋರಿಕೆಯ ತಲೆನೋವು ಬೇಡ, ಮಂಗ ಬೇಡ, ಕೈಯಾಡಿಸುವ ಆಳಿನ ದಾರಿ ಕಾಯುವುದು ಬೇಡ. ಇಬ್ಬರಿಗೂ ಒಪ್ಪಿಗೆಯಾದ ಪರಿಹಾರ ಎಂದರೆ ತಾರಸಿಯನ್ನೇ ಇಳಿಜಾರಾಗಿ ಹಾಕಿ ಅದರ ಮೇಲೆ ಗಾರೆ ಬಳಿದು ಹಳೇ ಹೆಂಚು ಅಂಟಿಸುವುದು.

ಹಳೇ ಹೆಂಚಿನ ಮೊದಲ ಸುಡುವಿಕೆಯ ಭಾರ ಯಾರ ಹೆಸರಿಗೆ? ಮೊದಲು ಬಳಸಿದ ಮನೆಯ ಹೆಸರಿಗೆ ಎಂಬುದು ಇಂಥ ಅಧ್ಯಯನಗಳಲ್ಲಿ ಚಾಲ್ತಿಯಲ್ಲಿರುವ ಒಂದು ಕ್ರಮ. ಅದನ್ನೇ ಹಿಡಿದರೆ ಹೋಂಸ್ಟೇಗೆ ಹೆಂಚು ಪುಕ್ಕಟೆ ಬಂತು, ಮಾಲೀಕ ಖುಷಿಪಡಬಹುದು. ಆದರೆ ಅಡಿಯಲ್ಲಿ 730ರ ತಾರಸಿ ಇದೆ, ಇಳಿಜಾರಿನ ಕಾಲು ಭಾಗ ಸೇರಿಸಿದರೆ 900ರ ಹತ್ತಿರ ಹೋಗುತ್ತದೆ, ಗಾರೆಯ ಸಿಮೆಂಟು ಬೇರೆ. ಮಳೆ ತಡೆಯುವ ಕೆಲಸವನ್ನು ತಾರಸಿಯೇ ಮಾಡುತ್ತಿರುವುದರಿಂದ ಹೆಂಚು ಇರುವುದು ಫೋಟೊಕ್ಕೆ ಮಾತ್ರ. ಗಾರೆಗೆ ಕಚ್ಚಿಕೊಂಡ ಹೆಂಚನ್ನು ಮುಂದೆ ಯಾರೂ ಬಿಡಿಸಲಾರರು. ಜೆಪ್ಪುವಿನ ಭಟ್ಟಿಯಿಂದ ಹೊರಟು ಮೂರು ಮಾಡು ಕಂಡ ಹೆಂಚು ನಾಲ್ಕನೆಯದರಲ್ಲಿ ಸಿಮೆಂಟಿನೊಂದಿಗೇ ಪುಡಿಯಾಗುತ್ತದೆ.